ಲೇಬರ್ ರೂಮಿನಿಂದ ವಾರ್ಡಿಗೆ: ಬಾಣಂತಿಯನ್ನು ಓವರ್ ಕೊಡುವ, ಓವರ್ ತೆಗೆದುಕೊಳ್ಳುವ ಕ್ರಮ

ಹಾಸನ, ಚಿಕ್ಕಮಗಳೂರು ಕಡೆಯ ಹೆರಿಗೆ ವಿಭಾಗಗಳ ಸಿಸ್ಟರ್‌ಗಳು ಪದೇ ಪದೇ ಕೇಳುವ ಪ್ರಶ್ನೆ ಒಂದೇ, ಬರುವ ದಿಕ್ಕು ಮಾತ್ರ ಎರಡು. ವಾರ್ಡಿನವರು ಕೇಳುತ್ತಾರೆ: "ಟ್ರಾಲಿ ತಂದು ನಿಲ್ಲಿಸಿ ಹೋಗ್ತಾರೆ, ಏನಾಗಿದೆ ಅಂತ ಒಂದು ಮಾತು ಹೇಳಲ್ಲ, ಏನು ಮಾಡೋದು?" ಲೇಬರ್ ರೂಮಿನವರು ಕೇಳುತ್ತಾರೆ: "ಎಲ್ಲಾ ಬರೆದೇ ಕಳಿಸಿರ್ತೀವಿ, ಕೇಸ್ ಶೀಟ್ ತೆಗೆದೇ ನೋಡಲ್ಲ, ಆಮೇಲೆ ನಮ್ಮ ಮೇಲೆ ಬರುತ್ತೆ, ಏನು ಮಾಡೋದು?"

ಎರಡೂ ದೂರು ಓವರ್ ಬಗ್ಗೆಯೇ, ಅಂದರೆ ತಾಯಿಯ ವಿವರ ಮತ್ತು ಜವಾಬ್ದಾರಿಯನ್ನು ಒಬ್ಬರಿಂದ ಇನ್ನೊಬ್ಬರಿಗೆ ಒಪ್ಪಿಸುವ ಬಗ್ಗೆ. ಇಬ್ಬರ ದೂರಿನಲ್ಲೂ ಹುರುಳಿದೆ. ಹೆರಿಗೆಯ ನಂತರದ ರಕ್ತಸ್ರಾವ, ಅಂದರೆ ಪಿಪಿಎಚ್, ಹೆಚ್ಚಾಗಿ ಮೊದಲ 24 ಗಂಟೆಯಲ್ಲೇ ಕಾಣಿಸಿಕೊಳ್ಳುತ್ತದೆ. ತಾಯಿ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವುದೂ ಅದೇ ಹೊತ್ತಿನಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ಚೆಕ್‌ಲಿಸ್ಟ್ ನಿಮ್ಮ ಲೇಬರ್ ರೂಮಿನ ಗೋಡೆಯ ಮೇಲೂ ಇರಬಹುದು. ಅದರಲ್ಲಿ ನಿಂತು ಪರೀಕ್ಷಿಸಬೇಕಾದ ಘಟ್ಟಗಳು ನಾಲ್ಕು: ದಾಖಲಾದಾಗ, ಹೆರಿಗೆಗೆ ಸ್ವಲ್ಪ ಮುಂಚೆ, ಹೆರಿಗೆಯಾದ ಒಂದು ಗಂಟೆಯೊಳಗೆ, ಮನೆಗೆ ಕಳಿಸುವಾಗ. ವಾರ್ಡಿಗೆ ಸಾಗಿಸುವ ಹೊತ್ತು ಅದರಲ್ಲಿಲ್ಲ. ಆ ಐದನೆಯ ಘಟ್ಟವನ್ನು ನಾವೇ ಕಟ್ಟಿಕೊಳ್ಳಬೇಕು. ಹೇಗೆ ಎಂಬುದನ್ನು ಕೆಳಗೆ ಹಂತ ಹಂತವಾಗಿ ಕೊಟ್ಟಿದೆ. ಔಷಧದ ಪ್ರಮಾಣ ಬರುವ ಕಡೆಗಳಲ್ಲಿ ವೈದ್ಯರ ಆದೇಶ ಮತ್ತು ನಿಮ್ಮ ಆಸ್ಪತ್ರೆಯ ಪ್ರೋಟೋಕಾಲೇ ಅಂತಿಮ.

ಮೊದಲು ಇಷ್ಟು ಹೊಂದಿಸಿಕೊಳ್ಳಿ

ಒಂದೇ ಪುಟದ ಓವರ್ ಚೀಟಿ, ಕಾರ್ಬನ್ ಇಟ್ಟು ಎರಡು ಪ್ರತಿ. ಎರಡನೇ ಪುಟಕ್ಕೆ ಹೋದರೆ ಅದನ್ನು ಯಾರೂ ತುಂಬುವುದಿಲ್ಲ. ಕೆಂಪು ಸ್ಟಿಕ್ಕರ್, ಮಾರ್ಕರ್ ಪೆನ್, ಬಾಟಲಿಗೆ ಲೇಬಲ್ ಹಚ್ಚಲು ಪ್ಲಾಸ್ಟರ್. ವಾರ್ಡಿನ ಕಡೆ ಸರಿಯಾಗಿ ಓಡುವ ಒಂದು ಬಿಪಿ ಯಂತ್ರ ಮತ್ತು ಪಲ್ಸ್ ಆಕ್ಸಿಮೀಟರ್. ಅದನ್ನು ಹುಡುಕಿಕೊಂಡು ಪಕ್ಕದ ವಾರ್ಡಿಗೆ ಹೋಗುವಂತೆ ಇರಬಾರದು. ಒಂದು ಟಾರ್ಚ್. ಲೇಬರ್ ರೂಮ್, ಓಟಿ (ಆಪರೇಷನ್ ಥಿಯೇಟರ್), ವಾರ್ಡ್, ಮಕ್ಕಳ ಘಟಕಗಳ ಇಂಟರ್‌ಕಾಮ್ ನಂಬರ್ ದೊಡ್ಡದಾಗಿ ಬರೆದು ಪ್ರತಿ ಫೋನಿನ ಮೇಲೆ ಅಂಟಿಸಿ.

ಗೋಡೆ ಗಡಿಯಾರಗಳನ್ನೂ ನೋಡಿ. ಓಟಿಯ ಗಡಿಯಾರ ಹತ್ತು ನಿಮಿಷ ಮುಂದೆ, ವಾರ್ಡಿನದು ಐದು ನಿಮಿಷ ಹಿಂದೆ ಇದ್ದರೆ ಡೋಸ್ ಕೊಟ್ಟ ಹೊತ್ತಿನ ಲೆಕ್ಕವೆಲ್ಲ ಅಡ್ಡಾದಿಡ್ಡಿ. ತಿಂಗಳಿಗೊಮ್ಮೆ ಒಬ್ಬರು ಎಲ್ಲವನ್ನೂ ಒಂದೇ ಸಮಯಕ್ಕೆ ಇಡಲಿ.

ಹಂತ 1: ಹೊರಡಲು ತಯಾರೇ ಎಂದು ನೋಡಿ

ನಾರ್ಮಲ್ ಹೆರಿಗೆಯ ನಂತರ ಕನಿಷ್ಠ 2 ಗಂಟೆ ತಾಯಿ ಲೇಬರ್ ರೂಮಿನಲ್ಲೇ ಇರಬೇಕು. ಆ ಹೊತ್ತಿನಲ್ಲಿ 15 ನಿಮಿಷಕ್ಕೊಮ್ಮೆ ನಾಡಿ, ಬಿಪಿ, ಗರ್ಭಕೋಶದ ಗಟ್ಟಿತನ, ರಕ್ತಸ್ರಾವ ನೋಡಬೇಕು. ಟೇಬಲ್ ಖಾಲಿ ಬೇಕೆಂದು 40 ನಿಮಿಷಕ್ಕೇ ಕಳಿಸುವುದು ನಡೆದೇ ಇದೆ. ಬೇರೆ ದಾರಿಯೇ ಇಲ್ಲದೆ ಹಾಗೆ ಕಳಿಸಬೇಕಾಗಿ ಬಂದರೆ, ಉಳಿದ ಒಂದು ಗಂಟೆ ಇಪ್ಪತ್ತು ನಿಮಿಷದ 15 ನಿಮಿಷಕ್ಕೊಮ್ಮೆಯ ಪರೀಕ್ಷೆ ವಾರ್ಡಿನ ಪಾಲಿಗೆ ಬರುತ್ತದೆ. ಅದನ್ನು ಫೋನಿನಲ್ಲಿ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ವಾರ್ಡಿನವರು ಸಹಜವಾಗಿ 4 ಗಂಟೆಗೊಮ್ಮೆ ನೋಡುವ ಸಾಲಿಗೆ ಸೇರಿಸುತ್ತಾರೆ.

ಕೆಳಗಿನ ಯಾವುದೇ ಒಂದು ಇದ್ದರೂ ಟ್ರಾಲಿ ಎಳೆಯಬೇಡಿ, ವೈದ್ಯರನ್ನು ಕರೆಯಿರಿ: ಮೇಲಿನ ಬಿಪಿ 90ಕ್ಕಿಂತ ಕಡಿಮೆ ಅಥವಾ 160 ಮುಟ್ಟಿದೆ, ಕೆಳಗಿನ ಬಿಪಿ 110 ಮುಟ್ಟಿದೆ, ನಾಡಿ 120 ದಾಟಿದೆ, ಉಸಿರು ನಿಮಿಷಕ್ಕೆ 30ಕ್ಕಿಂತ ಹೆಚ್ಚು ಅಥವಾ 10ಕ್ಕಿಂತ ಕಡಿಮೆ, ಆಕ್ಸಿಜನ್ ಮಟ್ಟ 95ಕ್ಕಿಂತ ಕೆಳಗೆ, ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದೆ, ಗರ್ಭಕೋಶ ಮೆತ್ತಗಿದೆ, ತಲೆನೋವು, ಕಣ್ಣು ಮಂಜು ಎನ್ನುತ್ತಿದ್ದಾಳೆ, ಅಥವಾ ಕಾರಣ ತಿಳಿಯದ ಚಡಪಡಿಕೆ.

ಬಿಪಿಯೊಂದನ್ನೇ ನಂಬಿ ಕೂರಬೇಡಿ. ಆರೋಗ್ಯವಂತ ಹರೆಯದ ತಾಯಿ ಬಹಳ ರಕ್ತ ಕಳೆದುಕೊಂಡ ಮೇಲೂ ಬಿಪಿಯನ್ನು ಹಿಡಿದಿಟ್ಟುಕೊಂಡಿರುತ್ತಾಳೆ. ಮೊದಲು ಏರುವುದು ನಾಡಿ. ಅದಕ್ಕೇ ಶಾಕ್ ಇಂಡೆಕ್ಸ್ ನೋಡಬೇಕು: ನಾಡಿಯನ್ನು ಮೇಲಿನ ಬಿಪಿಯಿಂದ ಭಾಗಿಸಿ. 0.9 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಎಚ್ಚರ. ನಾಡಿ 104, ಬಿಪಿ 100/70 ಎಂದು ಬರೆದದ್ದನ್ನು ನೋಡಿದರೆ ಯಾರಿಗೂ ಗಾಬರಿಯಾಗುವುದಿಲ್ಲ, ಭಾಗಿಸಿದರೆ 1.04. ಭಾಗಾಕಾರಕ್ಕೆ ಪುರುಸೊತ್ತಿಲ್ಲದಿದ್ದರೆ ಇಷ್ಟು ನೆನಪಿಡಿ: ನಾಡಿಯ ಸಂಖ್ಯೆ ಮೇಲಿನ ಬಿಪಿಯ ಸಂಖ್ಯೆಯನ್ನು ಮುಟ್ಟಿದರೆ ಆ ತಾಯಿ ಎಲ್ಲಿಗೂ ಹೋಗುವಂತಿಲ್ಲ.

ಹೋದ ರಕ್ತವನ್ನು ಕಣ್ಣಂದಾಜಿನಲ್ಲಿ ಬರೆದರೆ ಬಹುತೇಕ ಕಡಿಮೆಯೇ ಬರೆಯುತ್ತೇವೆ. ರಕ್ತ ಹಿಡಿಯುವ, ಅಳತೆ ಗೆರೆಯಿರುವ ಡ್ರೇಪ್ ಹಾಳೆ ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ನೆನೆದ ಪ್ಯಾಡ್, ರಕ್ತ ಒರೆಸುವ ಮಾಪ್‌ಗಳನ್ನು ತೂಗಿ, ಒಣ ತೂಕ ಕಳೆಯಿರಿ. 1 ಗ್ರಾಂ ಎಂದರೆ ಸುಮಾರು 1 ಎಂಎಲ್.

ಹಂತ 2: ಟ್ರಾಲಿಗೆ ಮುಂಚೆ ಫೋನ್ ಹೋಗಲಿ

ಡಿ-ಗ್ರೂಪ್ ಸಿಬ್ಬಂದಿಯ ಕೈಯಲ್ಲಿ "ಒಂದು ಕೇಸ್ ಬರ್ತಿದೆ ಅಂತ ಹೇಳು" ಎಂದು ಕಳಿಸಿದ್ದು ಲೆಕ್ಕಕ್ಕಿಲ್ಲ. ತಾಯಿಯನ್ನು ನೋಡಿಕೊಂಡ ಸಿಸ್ಟರ್, ಅವಳನ್ನು ನೋಡಿಕೊಳ್ಳಲಿರುವ ಸಿಸ್ಟರ್ ಜೊತೆ ನೇರ ಮಾತಾಡಬೇಕು. ಮಾತಿಗೆ ಎಸ್‌ಬಿಎಆರ್ ಎಂಬ ನಾಲ್ಕು ಭಾಗದ ಕ್ರಮ ಒಗ್ಗುತ್ತದೆ. ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಲ್ಲಿ ಹುಟ್ಟಿ ಆಸ್ಪತ್ರೆಗಳಿಗೆ ಬಂದದ್ದು ಅದು. ಕನ್ನಡದಲ್ಲಿ ಹೀಗೆ ಹಿಡಿಯಿರಿ: ಈಗ ಹೇಗಿದ್ದಾಳೆ, ಹಿಂದೆ ಏನಾಗಿತ್ತು, ನನಗೇನು ಅನ್ನಿಸುತ್ತೆ, ನೀವೇನು ಮಾಡಬೇಕು.

ಮಾದರಿಗೆ ಒಂದು ಕರೆ (ಆಕ್ಸಿಟೋಸಿನ್ ಎಂದರೆ ಗರ್ಭಕೋಶವನ್ನು ಗಟ್ಟಿಯಾಗಿಸುವ ಔಷಧ, ಆಂಟಿ-ಡಿ ಎಂದರೆ ನೆಗೆಟಿವ್ ಗುಂಪಿನ ತಾಯಿಗೆ ಮಗು ಪಾಸಿಟಿವ್ ಆಗಿದ್ದರೆ ಕೊಡುವ ಚುಚ್ಚುಮದ್ದು):

"ಅಕ್ಕಾ, ಲೇಬರ್ ರೂಮಿಂದ. ಒಬ್ಬರು ಬಾಣಂತೀನ ಕಳಿಸಬೇಕು, ಬೆಡ್ ರೆಡಿ ಇದೆಯಾ? ಈಗ ನಾಡಿ 92, ಬಿಪಿ 110/70, ಗರ್ಭಕೋಶ ಗಟ್ಟಿ ಇದೆ, ಬ್ಲೀಡಿಂಗ್ ಕಮ್ಮಿ. ಎರಡನೇ ಹೆರಿಗೆ, ನಾರ್ಮಲ್, ಬೆಳಿಗ್ಗೆ 6.40ಕ್ಕೆ. 600 ಎಂಎಲ್ ರಕ್ತ ಹೋಗಿತ್ತು, 7 ಗಂಟೆಯಿಂದ ಆಕ್ಸಿಟೋಸಿನ್ ಡ್ರಿಪ್ ಓಡ್ತಿದೆ. ಓ ನೆಗೆಟಿವ್. ಹೆಣ್ಣು ಮಗು, 2 ಕೆಜಿ 700, ತಾಯಿ ಹತ್ರಾನೇ ಇದೆ, ಹಾಲು ಕುಡಿದಿದೆ. ಈಗ ಸ್ಟೇಬಲ್ ಇದ್ದಾರೆ, ಆದ್ರೆ ಮತ್ತೆ ಬ್ಲೀಡಿಂಗ್ ಶುರುವಾಗಬಹುದು ಅನ್ನೋ ಚಿಂತೆ ನನಗಿದೆ. ನೀವು ಮೊದಲ ಎರಡು ಗಂಟೆ ಕಾಲು ಗಂಟೆಗೊಮ್ಮೆ ನೋಡಬೇಕು. 7.30ಕ್ಕೆ ಕೆಥೆಟರ್ ಹಾಕಿ ಮೂತ್ರ ತೆಗೆದಿದ್ವಿ, ಆಮೇಲೆ ತಾನಾಗಿ ಮಾಡಿಲ್ಲ, 1.30ರ ಒಳಗೆ ಆಗಬೇಕು. ಮಗುವಿನ ಬ್ಲಡ್ ಗ್ರೂಪ್ ರಿಪೋರ್ಟ್ ಬಂದಿಲ್ಲ, ಆಂಟಿ-ಡಿ ಕೊಟ್ಟಿಲ್ಲ."

ವಾರ್ಡಿನ ಸಿಸ್ಟರ್ "ಹ್ಞೂಂ, ಕಳಿಸಿ" ಎಂದರೆ ಕರೆ ಮುಗಿಯಲಿಲ್ಲ. ಮುಖ್ಯವಾದದ್ದನ್ನು ಅವರು ತಿರುಗಿ ಹೇಳಬೇಕು: "600 ಹೋಗಿದೆ, ಡ್ರಿಪ್ ಇದೆ, ಕಾಲು ಗಂಟೆಗೊಮ್ಮೆ, 1.30ಕ್ಕೆ ಮೂತ್ರ, ಆಂಟಿ-ಡಿ ಬಾಕಿ. ಸರೀನಾ?" ಇದಕ್ಕೆ ಅರ್ಧ ನಿಮಿಷ ಸಾಕು. ಸೀನಿಯರ್ ಅಕ್ಕನಿಗೆ "ತಿರುಗಿ ಹೇಳಿ" ಎನ್ನಲು ಕಿರಿಯರಿಗೆ ಮುಜುಗರ ಆಗುತ್ತದೆ, ನಿಜ. "ಅಕ್ಕಾ, ನಾನು ಏನಾದ್ರೂ ಬಿಟ್ಟಿದ್ದೀನಾ ಅಂತ ನೋಡ್ಕೋತೀನಿ, ಒಂದ್ಸಲ ಹೇಳಿಬಿಡಿ" ಎಂದರೆ ಯಾರಿಗೂ ಬೇಸರವಿಲ್ಲ.

ಮಾತಿನಲ್ಲಿ ತಪ್ಪುವ ಜಾಗಗಳು ಸಾಮಾನ್ಯವಾಗಿ ಎರಡು. "ವೈಟಲ್ಸ್ ಎಲ್ಲಾ ನಾರ್ಮಲ್" ಎನ್ನುವುದು ಮೊದಲನೆಯದು. ಸಂಖ್ಯೆ ಹೇಳದಿದ್ದರೆ ಅರ್ಧ ಗಂಟೆಯ ನಂತರ ಏರಿದೆಯೋ ಇಳಿದಿದೆಯೋ ಎಂದು ಹೋಲಿಸಲು ವಾರ್ಡಿನವರ ಬಳಿ ಏನೂ ಇರುವುದಿಲ್ಲ. ಎರಡನೆಯದು ನಾಲ್ಕನೆಯ ಭಾಗವನ್ನೇ ನುಂಗಿಬಿಡುವುದು. ಇತಿಹಾಸವೆಲ್ಲ ಹೇಳಿ, ಮುಂದೆ ಏನು ಬಾಕಿ ಎಂಬುದನ್ನು ಬಿಡುತ್ತೇವೆ. ಬಾಕಿ ಕೆಲಸಕ್ಕೆ ಗಡುವು ಸೇರಿಸಿ ಹೇಳಿ: ಏನು, ಎಷ್ಟು ಗಂಟೆಯೊಳಗೆ.

ಬೆಳಿಗ್ಗೆ 8, ಮಧ್ಯಾಹ್ನ 2, ರಾತ್ರಿ 8ರ ಡ್ಯೂಟಿ ಬದಲಾವಣೆಯ ಆಸುಪಾಸಿನ ಅರ್ಧ ಗಂಟೆಯಲ್ಲಿ ತುರ್ತಿಲ್ಲದ ತಾಯಂದಿರನ್ನು ಸಾಗಿಸದಿದ್ದರೆ ಒಳ್ಳೆಯದು. ಆ ಹೊತ್ತಿನಲ್ಲಿ ಕೊಟ್ಟ ಓವರನ್ನು ಕೇಳಿಸಿಕೊಂಡವರು ಮನೆಗೆ ಹೊರಟಿರುತ್ತಾರೆ.

ಹಂತ 3: ದಾರಿಯಲ್ಲಿ ಜವಾಬ್ದಾರಿ ಯಾರದು

ವಾರ್ಡಿನ ಸಿಸ್ಟರ್ ಹಾಸಿಗೆ ಪಕ್ಕ ಓವರ್ ತೆಗೆದುಕೊಂಡು ಸಹಿ ಹಾಕುವವರೆಗೆ ಜವಾಬ್ದಾರಿ ಕಳಿಸಿದವರದೇ. ಇದನ್ನು ಮೊದಲೇ ಎರಡೂ ಕಡೆಯವರು ಕೂತು ಒಪ್ಪಿಕೊಂಡಿರಬೇಕು. ಕಾರಿಡಾರಿನಲ್ಲಿ ತಾಯಿಗೆ ತಲೆ ಸುತ್ತಿ ಬಂದಾಗ ಯಾರು ಓಡಬೇಕು ಎಂಬ ಚರ್ಚೆಗೆ ಆಗ ಸಮಯವಿಲ್ಲ.

ಹಾಗಾಗಿ ಜೊತೆಗೆ ಒಬ್ಬ ನರ್ಸ್ ಹೋಗಬೇಕು, ಫೈಲ್ ಹಿಡಿದ ಆಯಾ ಸಾಲದು. ರಾತ್ರಿ ಪಾಳಿಯಲ್ಲಿ ಲೇಬರ್ ರೂಮಿಗೆ ಒಬ್ಬರೇ ಸಿಸ್ಟರ್ ಇರುವ ತಾಲೂಕು ಆಸ್ಪತ್ರೆಗಳಲ್ಲಿ ಇದು ಹೇಗೆ ಸಾಧ್ಯ ಎಂದು ಕೇಳುತ್ತೀರಿ. ಎರಡು ದಾರಿ ಇವೆ: ವಾರ್ಡಿನ ಸಿಸ್ಟರೇ ಲೇಬರ್ ರೂಮಿಗೆ ಬಂದು ಅಲ್ಲೇ ಓವರ್ ತೆಗೆದುಕೊಂಡು ಕರೆದೊಯ್ಯುವುದು, ಇಲ್ಲವೇ ಇನ್ನೊಂದು ಕೈ ಸಿಗುವವರೆಗೆ ತಾಯಿಯನ್ನು ಅಲ್ಲೇ ಉಳಿಸಿಕೊಳ್ಳುವುದು. ಸ್ಥಿರವಾಗಿರುವ ತಾಯಿ ಅರ್ಧ ಗಂಟೆ ಕಾದರೆ ಏನೂ ಆಗುವುದಿಲ್ಲ.

ಹೊರಡುವ ಮುನ್ನ ಪ್ಯಾಡ್ ಬದಲಿಸಿ, ಹೊಸ ಪ್ಯಾಡ್ ಇಟ್ಟ ಸಮಯ ಚೀಟಿಯಲ್ಲಿ ಬರೆಯಿರಿ. ಮೂತ್ರ ಸೇರುವ ಯೂರೋಬ್ಯಾಗ್ ಖಾಲಿ ಮಾಡಿ, ಅಳತೆ ಬರೆಯಿರಿ. ಬ್ಯಾಗನ್ನು ಹೊಟ್ಟೆಯ ಮೇಲೆ ಇಡಬೇಡಿ, ಮೂತ್ರ ಹಿಂದಕ್ಕೆ ಹರಿಯುತ್ತದೆ. ಟ್ರಾಲಿಯ ಅಡ್ಡಪಟ್ಟಿ ಏರಿಸಿ. ಮಗು ತಾಯಿಯ ಎದೆಯ ಮೇಲೆ, ಟೋಪಿ ಹಾಕಿ, ಇಬ್ಬರನ್ನೂ ಸೇರಿಸಿ ಹೊದಿಸಿ. ಮಲೆನಾಡಿನ ಮಳೆಗಾಲದಲ್ಲಿ ಒಂದು ಕಟ್ಟಡದಿಂದ ಇನ್ನೊಂದಕ್ಕೆ ತೆರೆದ ವರಾಂಡದಲ್ಲಿ ದಾಟುವಾಗ ಮಗುವಿನ ಮೈ ಬೇಗ ತಣ್ಣಗಾಗುತ್ತದೆ, ಅದು 36.5ರಿಂದ 37.5 ಡಿಗ್ರಿಯೊಳಗೆ ಇರಬೇಕು. ಮಗುವನ್ನು ಅಜ್ಜಿಯ ಕೈಗೆ ಕೊಟ್ಟು ಹಿಂದೆ ನಡೆಸಿಕೊಂಡು ಹೋಗುವ ಅಭ್ಯಾಸ ಬಿಡಿ.

ಹಂತ 4: ಹಾಸಿಗೆ ಪಕ್ಕದ ಓವರ್

ಉಳಿದ ಹಂತಗಳಲ್ಲಿ ಏನಾದರೂ ತಪ್ಪಿದರೂ ಇದೊಂದನ್ನು ಸರಿಯಾಗಿ ಮಾಡಿದರೆ ಹಿಡಿಯಬಹುದು. ನರ್ಸಿಂಗ್ ಸ್ಟೇಷನ್ನಿನ ಮೇಜಿನ ಮುಂದೆ ನಿಂತು ಫೈಲ್ ದಾಟಿಸಿದರೆ ಓವರ್ ಆಗುವುದಿಲ್ಲ. ಇಬ್ಬರೂ ಹಾಸಿಗೆ ಬಳಿ ನಿಲ್ಲಿ, ಪರದೆ ಎಳೆಯಿರಿ, ಸಂಬಂಧಿಕರನ್ನು ಐದು ನಿಮಿಷ ಹೊರಗೆ ಕಳಿಸಿ, ತಾಯಿಗೆ ಹೇಳಿ: "ಅಮ್ಮಾ, ಇನ್ನು ಮೇಲೆ ಈ ಸಿಸ್ಟರ್ ನಿಮ್ಮನ್ನ ನೋಡ್ಕೋತಾರೆ. ಒಂದ್ಸಲ ಇಬ್ಬರೂ ಸೇರಿ ನೋಡ್ತೀವಿ."

ಗರ್ಭಕೋಶ. ಮೊದಲು ಕಳಿಸಿದವರು ಕೈ ಇಟ್ಟು ತೋರಿಸಲಿ, ನಂತರ ತೆಗೆದುಕೊಳ್ಳುವವರು ಅದೇ ಜಾಗದಲ್ಲಿ ಕೈ ಇಡಲಿ. ಹೊಕ್ಕುಳ ಮಟ್ಟದಲ್ಲಿ ಅಥವಾ ಸ್ವಲ್ಪ ಕೆಳಗೆ, ನಡುವಿನಲ್ಲಿ, ಕ್ರಿಕೆಟ್ ಚೆಂಡಿನಷ್ಟು ಗಟ್ಟಿಯಾಗಿ ಸಿಗಬೇಕು. ಮೇಲಕ್ಕೆ ಏರಿ ಬಲಕ್ಕೆ ವಾಲಿದ್ದರೆ ಮೂತ್ರಕೋಶ ತುಂಬಿದೆ ಎಂದು ತಿಳಿಯಿರಿ, ಮೊದಲು ಮೂತ್ರ ಮಾಡಿಸಿ. ಮೆತ್ತಗಿದ್ದರೆ ಅಲ್ಲೇ ಉಜ್ಜಲು ಶುರುಮಾಡಿ, ವೈದ್ಯರನ್ನು ಕರೆಯಿರಿ. ಕಳಿಸಿದವರು ಆಗ ಹೊರಡುವಂತಿಲ್ಲ. ಎರಡೂ ಕೈ ಒಂದೇ ಗರ್ಭಕೋಶವನ್ನು ಮುಟ್ಟಿದ ಮೇಲೆ, ಒಂದು ಗಂಟೆಯ ನಂತರ "ಆಗಲೂ ಹೀಗೇ ಇತ್ತಾ?" ಎಂಬ ಅನುಮಾನ ಬರುವುದಿಲ್ಲ. ಓವರ್ ಕೊಡುವ ಕಾಗದ ಎಷ್ಟೇ ಚೆನ್ನಾಗಿದ್ದರೂ ಈ ಕೆಲಸ ಮಾಡಲಾರದು.

ಪ್ಯಾಡ್, ಮತ್ತು ಸೊಂಟದ ಕೆಳಗೆ. ಪ್ಯಾಡ್ ಮೇಲೆ ಕಾಣುವುದಷ್ಟೇ ನೋಡಿ ಬಿಡಬೇಡಿ. ಮಲಗಿದ ತಾಯಿಯ ರಕ್ತ ಹಿಂದಕ್ಕೆ ಹರಿದು ಪೃಷ್ಠದ ಕೆಳಗೆ ಸೇರುತ್ತದೆ. ಸೀರೆ, ಲಂಗ, ಮನೆಯಿಂದ ತಂದ ಬಟ್ಟೆ ಅದನ್ನು ಹೀರಿಕೊಂಡು ಮುಚ್ಚಿಬಿಡುತ್ತವೆ. ಪಕ್ಕಕ್ಕೆ ಹೊರಳಿಸಿ, ಟಾರ್ಚ್ ಹಾಕಿ ನೋಡಿ. ಒಂದು ಗಂಟೆಯೊಳಗೆ ಪ್ಯಾಡ್ ಪೂರ್ತಿ ನೆನೆದರೆ ಹೆಚ್ಚು ಎಂದೇ ಲೆಕ್ಕ. ಹೊಲಿಗೆ ಹಾಕಿದ್ದರೆ ಅಲ್ಲಿ ಊತ ಇದೆಯೇ ನೋಡಿ. ಗುದದ್ವಾರದ ಬಳಿ ತಡೆಯಲಾರದ ಒತ್ತಡ, ನೋವು ಎಂದರೆ ಒಳಗೆ ರಕ್ತ ಹೆಪ್ಪುಗಟ್ಟಿ ಊದಿಕೊಂಡಿರಬಹುದು, ಹೊರಗೆ ಬ್ಲೀಡಿಂಗ್ ಕಾಣದಿದ್ದರೂ.

ಒಳಗೆ ಇಟ್ಟದ್ದು. ಯೋನಿಯಲ್ಲಿ ಪ್ಯಾಕ್ ಇಟ್ಟಿದ್ದರೆ, ರಕ್ತ ನಿಲ್ಲಿಸಲು ಗರ್ಭಕೋಶದೊಳಗೆ ಬಲೂನ್ ಅಥವಾ ಕಾಂಡೋಮ್ ಟ್ಯಾಂಪೊನೇಡ್ ಹಾಕಿದ್ದರೆ, ಕೇಸ್ ಶೀಟಿನ ಮೊದಲ ಪುಟಕ್ಕೆ ಕೆಂಪು ಸ್ಟಿಕ್ಕರ್: ಏನು, ಎಷ್ಟು, ಇಟ್ಟ ಸಮಯ, ತೆಗೆಯಬೇಕಾದ ಸಮಯ. ಪ್ಯಾಕಿನ ತುದಿಯನ್ನು ಹೊರಗೆ ತೊಡೆಗೆ ಪ್ಲಾಸ್ಟರ್ ಹಾಕಿ ಅಂಟಿಸಿ. ಮರೆತುಹೋದ ಪ್ಯಾಕ್ ವಾರದ ನಂತರ ವಾಸನೆ, ಜ್ವರ, ಸೋಂಕಿನೊಂದಿಗೆ ವಾಪಸ್ ಬರುತ್ತದೆ. ಇದರ ಮೂಲ ಹೆಚ್ಚಾಗಿ ಓವರ್‌ನಲ್ಲಿ ಬಿಟ್ಟುಹೋದ ಒಂದು ಸಾಲು.

ಡ್ರಿಪ್ ಮತ್ತು ಕ್ಯಾನುಲಾ. ಬಾಟಲಿಯ ಮೇಲೆ ಲೇಬಲ್ ಇಲ್ಲದಿದ್ದರೆ ತೆಗೆದುಕೊಳ್ಳಬೇಡಿ. ಎಷ್ಟು ಯೂನಿಟ್ ಆಕ್ಸಿಟೋಸಿನ್, ಶುರುವಾದ ಸಮಯ, ನಿಮಿಷಕ್ಕೆ ಎಷ್ಟು ಹನಿ. ಲೇಬಲ್ ಇಲ್ಲದ ಬಾಟಲಿಯನ್ನು ಬರೀ ಸಲೈನ್ ಎಂದು ತಿಳಿದು ಯಾರೋ ಜೋರಾಗಿ ಬಿಡುತ್ತಾರೆ, ಇಲ್ಲವೇ ಅರ್ಧಕ್ಕೆ ಕಿತ್ತು ಬಿಸಾಡುತ್ತಾರೆ. ಕ್ಯಾನುಲಾ, ಅಂದರೆ ರಕ್ತನಾಳಕ್ಕೆ ಇಟ್ಟ ಕೊಳವೆ, ಹಾಕಿದ ಕೈ ಊದಿದೆಯೇ ನೋಡಿ.

ಮೂತ್ರ. ಹೆರಿಗೆಯಾಗಿ ಅಥವಾ ಕೆಥೆಟರ್ ತೆಗೆದು 6 ಗಂಟೆಯೊಳಗೆ ಮೂತ್ರವಾಗಬೇಕು. "ಹೋಯ್ತು" ಎಂದರೆ ಸಾಲದು, ಮೊದಲ ಸಲ ಅಳೆಯಿರಿ.

ಮಗು. ತಾಯಿಯ ಕೈಪಟ್ಟಿ, ಮಗುವಿನ ಕಾಲುಪಟ್ಟಿ ಎರಡನ್ನೂ ಒಬ್ಬರು ಜೋರಾಗಿ ಓದಲಿ, ಇನ್ನೊಬ್ಬರು ಕೇಸ್ ಶೀಟ್ ನೋಡಿ ಹೌದೆನ್ನಲಿ. ಹೆಣ್ಣೋ ಗಂಡೋ ಎಂಬುದನ್ನು ತಾಯಿಗೂ ತೋರಿಸಿಯೇ ಒಪ್ಪಿಸಿ. ತೂಕ, ವಿಟಮಿನ್ ಕೆ ಚುಚ್ಚುಮದ್ದು ಕೊಟ್ಟಿದೆಯೇ, ಮೊದಲ ಹಾಲು ಎಷ್ಟು ಹೊತ್ತಿಗೆ, ಮೂತ್ರ ಮತ್ತು ಮಲ ಆಗಿದೆಯೇ, ಹೆಪಟೈಟಿಸ್ ಬಿ ಲಸಿಕೆ 24 ಗಂಟೆಯೊಳಗೆ ಆಗಬೇಕಾದದ್ದು ಬಾಕಿಯೇ.

ಇಷ್ಟಾದ ಮೇಲೆ ಒಂದು ನಾಡಿ, ಒಂದು ಬಿಪಿ ವಾರ್ಡಿನ ಯಂತ್ರದಲ್ಲೇ ತೆಗೆದು, ಸಮಯ ಹಾಕಿ ಇಬ್ಬರೂ ಸಹಿ ಮಾಡಿ. ಕೈ ಪಳಗಿದವರಿಗೆ ಇದಕ್ಕೆ ಏಳೆಂಟು ನಿಮಿಷ.

ಎಚ್ಐವಿ, ಹೆಪಟೈಟಿಸ್ ಬಿ ವಿಚಾರವನ್ನು ಹಾಸಿಗೆ ಪಕ್ಕ ಬಾಯಿಬಿಟ್ಟು ಹೇಳಬೇಡಿ, ಬೆಡ್ಡಿಗೆ ಚೀಟಿ ನೇತುಹಾಕಬೇಡಿ, ಫೈಲಿನ ಹೊರಗೆ ಬರೆಯಬೇಡಿ. ಕೇಸ್ ಶೀಟಿನ ಒಳಪುಟ ತೆರೆದು ಬೆರಳಿಟ್ಟು ತೋರಿಸಿ, ಮಗುವಿಗೆ ಔಷಧ ಶುರುವಾಗಿದೆಯೇ ಎಂದು ಮಾತ್ರ ಖಚಿತಪಡಿಸಿಕೊಳ್ಳಿ. ಎಚ್ಐವಿ ಸ್ಥಿತಿಯ ಗೋಪ್ಯತೆ 2017ರ ಕಾಯ್ದೆಯಡಿ ಕಾನೂನಿನ ಕಡ್ಡಾಯವೂ ಹೌದು. ಹೆಪಟೈಟಿಸ್ ಬಿ ಪಾಸಿಟಿವ್ ತಾಯಿಯ ಮಗುವಿಗೆ ಲಸಿಕೆಯ ಜೊತೆ ಇಮ್ಯುನೋಗ್ಲಾಬ್ಯುಲಿನ್ ಕೂಡ ಬೇಕು, ಅದನ್ನು ಕೊಡಲು ತಡಮಾಡುವಂತಿಲ್ಲ.

ಹಂತ 5: ಹೊತ್ತು ತಪ್ಪಿದರೆ ಅಪಾಯವಾಗುವ ಔಷಧಗಳು

"ಲೋಡಿಂಗ್ ಕೊಟ್ಟಿದೆ" ಎಂಬ ಮಾತನ್ನು ಓವರ್‌ನಿಂದಲೇ ತೆಗೆದುಹಾಕಿ. ಅಧಿಕ ರಕ್ತದೊತ್ತಡದಿಂದ ಫಿಟ್ಸ್ ಬರುವುದನ್ನು ತಡೆಯುವ ಮೆಗ್ನೀಷಿಯಂ ಸಲ್ಫೇಟ್‌ನಲ್ಲಿ ಲೋಡಿಂಗ್, ಅಂದರೆ ಮೊದಲ ದೊಡ್ಡ ಡೋಸ್, ಎಂದಾಗ ಎರಡು ಬೇರೆ ಬೇರೆ ಅರ್ಥ ಬರುತ್ತದೆ. ಪಿಎಚ್‌ಸಿಯಿಂದ ರೆಫರ್ ಮಾಡುವಾಗ ಕೊಡುವುದು ಮಾಂಸಖಂಡಕ್ಕೆ ಒಟ್ಟು 10 ಗ್ರಾಂ, ಎರಡು ಪೃಷ್ಠಕ್ಕೆ 5-5. ಪೂರ್ತಿ ಲೋಡಿಂಗ್ ಎಂದರೆ ಅದರ ಜೊತೆ ರಕ್ತನಾಳಕ್ಕೆ 4 ಗ್ರಾಂ, ಒಟ್ಟು 14. ಯಾವುದು ಕೊಟ್ಟಿದೆ ಎಂದು ತಿಳಿಯದಿದ್ದರೆ ಒಂದೋ ಎರಡನೇ ಸಲ ಕೊಡುತ್ತಾರೆ, ಇಲ್ಲವೇ ಕೊಡದೆ ಬಿಡುತ್ತಾರೆ. ಆದ್ದರಿಂದ ಗ್ರಾಂ, ದಾರಿ, ಸಮಯ, ಯಾವ ಪೃಷ್ಠ ಎಂದು ನಾಲ್ಕೂ ಬರೆಯಿರಿ. 50 ಪ್ರತಿಶತದ 2 ಎಂಎಲ್ ಆಂಪ್ಯೂಲಿನಲ್ಲಿ 1 ಗ್ರಾಂ ಇರುತ್ತದೆ. ಎಂಎಲ್ ಲೆಕ್ಕದಲ್ಲಿ ಹೇಳಿದರೆ ಪ್ರಮಾಣ ದುಪ್ಪಟ್ಟಾಗಿ ಕೇಳಿಸುತ್ತದೆ.

4 ಗಂಟೆಗೊಮ್ಮೆಯ ಮುಂದಿನ 5 ಗ್ರಾಂ ಡೋಸಿಗೆ ಮುಂಚೆ ಮೂರು ನೋಡಬೇಕು: ಮಂಡಿ ಬಡಿದರೆ ಕಾಲು ಎಗರುತ್ತದೆಯೇ, ಉಸಿರು ನಿಮಿಷಕ್ಕೆ 16ಕ್ಕಿಂತ ಕಡಿಮೆ ಇಲ್ಲವೇ, ಕಳೆದ 4 ಗಂಟೆಯಲ್ಲಿ ಮೂತ್ರ ಗಂಟೆಗೆ 30 ಎಂಎಲ್‌ಗಿಂತ ಕಡಿಮೆಯಾಗಿಲ್ಲವೇ. ಒಂದು ಸರಿಯಿಲ್ಲದಿದ್ದರೂ ಡೋಸ್ ನಿಲ್ಲಿಸಿ, ವೈದ್ಯರಿಗೆ ಹೇಳಿ. ಮೆಗ್ನೀಷಿಯಂ ಹೆಚ್ಚಾದರೆ ಕೊಡುವ ಪ್ರತಿಮದ್ದು, 10 ಪ್ರತಿಶತದ ಕ್ಯಾಲ್ಸಿಯಂ ಗ್ಲುಕೊನೇಟ್ 10 ಎಂಎಲ್, ಹಾಸಿಗೆಯ ಬಳಿ ಇದೆಯೇ ಎಂದು ಓವರ್ ಹೊತ್ತಿನಲ್ಲೇ ಕಣ್ಣಿಂದ ನೋಡಿ.

ಗರ್ಭಿಣಿಯನ್ನು ವಾರ್ಡಿನಿಂದ ಲೇಬರ್ ರೂಮಿಗೆ ಕಳಿಸುವಾಗ ಓವರ್ ಇನ್ನೂ ಸಡಿಲವಾಗಿರುತ್ತದೆ, ನೋವು ಬಂದ ಗಡಿಬಿಡಿಯಲ್ಲಿ. ನೋವು ಬರಿಸಲು ಮಿಸೊಪ್ರೊಸ್ಟಾಲ್ ಇಟ್ಟಿದ್ದರೆ ಕೊನೆಯ ಮಾತ್ರೆ ಎಷ್ಟು ಹೊತ್ತಿಗೆ ಎಂಬುದು ಮೊದಲ ವಾಕ್ಯವಾಗಿರಲಿ. ಅದು ತಿಳಿಯದೆ ಆಕ್ಸಿಟೋಸಿನ್ ಡ್ರಿಪ್ ಶುರುವಾದರೆ ಗರ್ಭಕೋಶ ಒಡೆಯುವವರೆಗೂ ಹೋಗಬಹುದು. ಹಿಂದೆ ಸಿಸೇರಿಯನ್ ಆಗಿದ್ದರೆ ಅದನ್ನೂ ಅದೇ ಉಸಿರಿನಲ್ಲಿ ಹೇಳಿ. ಅವಧಿಗೆ ಮುಂಚಿನ ನೋವಿಗೆ, ಮಗುವಿನ ಶ್ವಾಸಕೋಶ ಬಲಿಯಲು ಡೆಕ್ಸಮೆಥಸೋನ್ ಶುರುವಾಗಿದ್ದರೆ, 6 ಮಿಗ್ರಾಂ 12 ಗಂಟೆಗೊಮ್ಮೆ ಒಟ್ಟು 4 ಡೋಸಿನಲ್ಲಿ ಎಷ್ಟನೆಯದು ಮುಗಿದಿದೆ. ರಕ್ತಸ್ರಾವ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ ಕೊಟ್ಟಿದ್ದರೆ ಸಮಯ ಬರೆಯಿರಿ, ಏಕೆಂದರೆ ಅದನ್ನು ಹೆರಿಗೆಯಾದ 3 ಗಂಟೆಯೊಳಗೆ ಕೊಟ್ಟರೆ ಮಾತ್ರ ಪ್ರಯೋಜನ. ಆಂಟಿ-ಡಿಗೆ 72 ಗಂಟೆಯ ಗಡುವಿದೆ. ಲೇಬರ್ ರೂಮಿನವರು ವಾರ್ಡಿನವರು ಕೊಡುತ್ತಾರೆಂದೂ, ವಾರ್ಡಿನವರು ಕೊಟ್ಟೇ ಕಳಿಸಿದ್ದಾರೆಂದೂ ಅಂದುಕೊಂಡು ತಾಯಿ ಮನೆಗೆ ಹೋಗಿಬಿಡುವುದುಂಟು.

ಹಂತ 6: ಓಟಿಯಿಂದ ಬಂದ ತಾಯಿ

ಮೇಲಿನದ್ದೆಲ್ಲ ಇಲ್ಲಿಗೂ ಅನ್ವಯ. ಹೆಚ್ಚಿಗೆ ಕೇಳಬೇಕಾದದ್ದು: ಬೆನ್ನಿನ ಇಂಜೆಕ್ಷನ್ ಎಷ್ಟು ಹೊತ್ತಿಗೆ, ಈಗ ಕಾಲಿನ ಬೆರಳು ಆಡಿಸುತ್ತಾಳೆಯೇ, ಮಾಪ್ ಮತ್ತು ಸಲಕರಣೆ ಲೆಕ್ಕ ಸರಿಯಿತ್ತೇ, ಯಾವ ನೋವಿನ ಔಷಧ, ಯಾವ ರೂಪದಲ್ಲಿ. ಓಟಿಯಲ್ಲಿ ಗುದದ್ವಾರದಲ್ಲಿ ಇಟ್ಟ ಡೈಕ್ಲೋಫೆನಾಕ್ ಕೇಸ್ ಶೀಟಿನ ಔಷಧ ಪಟ್ಟಿಗೆ ಏರದೆ, ವಾರ್ಡಿನಲ್ಲಿ ಅದನ್ನೇ ಮತ್ತೆ ಚುಚ್ಚುವುದು ತುಂಬಾ ಸಾಮಾನ್ಯ. ಸಿಸೇರಿಯನ್ ಆದವರ ಹೊಟ್ಟೆಯ ಡ್ರೆಸ್ಸಿಂಗ್ ನೋಡಿ ತೃಪ್ತರಾಗಿ ಕೆಳಗಿನ ಪ್ಯಾಡ್ ನೋಡದೆ ಬಿಡುವುದೂ ಅಷ್ಟೇ ಸಾಮಾನ್ಯ. ಓಟಿಗೆ ಹೋಗುವಾಗ ಬಿಚ್ಚಿಸಿದ ಮಾಂಗಲ್ಯ, ಓಲೆ ಯಾರ ಕೈಗೆ ಕೊಟ್ಟಿರಿ ಎಂದು ಸಹಿ ತೆಗೆದುಕೊಂಡಿರಿ. ಜಗಳ ಹೆಚ್ಚಾಗಿ ಶುರುವಾಗುವುದು ಅಲ್ಲಿಂದಲೇ.

ಹಂತ 7: ತಾಯಿ ಇಲ್ಲಿ, ಮಗು ಮಕ್ಕಳ ಘಟಕದಲ್ಲಿ

ಮಗುವನ್ನು ಎಸ್‌ಎನ್‌ಸಿಯುಗೆ, ಅಂದರೆ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕಕ್ಕೆ ಕಳಿಸಿದರೆ ಓವರ್ ಎರಡಾಗುತ್ತದೆ. ಮಗುವಿನ ಜೊತೆ ಹೋಗುವ ಚೀಟಿಯಲ್ಲಿ ತಾಯಿಯ ಬ್ಲಡ್ ಗ್ರೂಪ್, ಜ್ವರ, ನೀರು ಒಡೆದ ಸಮಯ, ತಾಯಿಗೆ ಕೊಟ್ಟ ಔಷಧ ಇರಲಿ. ತಾಯಿಯ ವಾರ್ಡಿನವರು ದಿನಕ್ಕೆ ಕನಿಷ್ಠ ಎರಡು ಸಲ ಎಸ್‌ಎನ್‌ಸಿಯುಗೆ ಫೋನ್ ಮಾಡಿ, ಮಗುವಿನ ಸ್ಥಿತಿ ಕೇಳಿ ತಾಯಿಗೆ ತಾವೇ ತಿಳಿಸಲಿ. ಹಾಲು ಹಿಂಡಿ ಕಳಿಸುವ ಕೆಲಸ ಯಾರದು ಎಂಬುದನ್ನು ಅದೇ ಫೋನಿನಲ್ಲಿ ತೀರ್ಮಾನಿಸಿ.

ಹಂತ 8: ಬೇರೆ ಆಸ್ಪತ್ರೆಗೆ ರೆಫರ್ ಮಾಡುವಾಗ

ಸಕಲೇಶಪುರದಿಂದ ಹಾಸನ ಸುಮಾರು 40 ಕಿಲೋಮೀಟರ್, ಮೂಡಿಗೆರೆಯಿಂದ ಚಿಕ್ಕಮಗಳೂರು ಸುಮಾರು 30. ಕೊಪ್ಪ, ಶೃಂಗೇರಿ ಕಡೆಯವರಿಗೆ ದಾರಿ ಇನ್ನೂ ಉದ್ದ. ಅಲ್ಲಿಂದ ಶಿವಮೊಗ್ಗಕ್ಕೆ ಹೋಗುವುದೂ ಉಂಟು. ನಡುವೆ ಮೊಬೈಲ್ ಸಿಗ್ನಲ್ ಸಿಗದ ತಿರುವುಗಳಿವೆ. "ದಾರಿಯಲ್ಲಿ ಫೋನ್ ಮಾಡ್ತೀವಿ" ಎನ್ನುವುದು ಇಲ್ಲಿ ನಡೆಯದ ಮಾತು. 108 ಆಂಬ್ಯುಲೆನ್ಸ್ ಬಾಗಿಲು ಮುಚ್ಚುವ ಮುನ್ನವೇ ಎದುರಿನ ಲೇಬರ್ ರೂಮಿಗೆ ಕರೆ ಮಾಡಿ, ಮಾತಾಡಿದವರ ಹೆಸರು, ಸಮಯ ರೆಫರಲ್ ಚೀಟಿಯಲ್ಲಿ ಬರೆಯಿರಿ. ಮಂಗಳೂರು ಕಡೆ ಕಳಿಸುವುದಾದರೆ ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ ಘಾಟಿ ತೆರೆದಿದೆಯೇ ಎಂದು ಮೊದಲು ವಿಚಾರಿಸಿ. ಮಣ್ಣು ಕುಸಿದು ರಸ್ತೆ ಮುಚ್ಚುವುದು ಪ್ರತಿ ಮಳೆಗಾಲದ ಭಯ.

ಗರ್ಭಿಣಿಯನ್ನು ಎಡ ಮಗ್ಗುಲಲ್ಲಿ ಮಲಗಿಸಿ. ದಪ್ಪ ಕ್ಯಾನುಲಾದ ಎರಡು ಲೈನ್, ಹೆರಿಗೆ ಕಿಟ್, ಮಗುವಿಗೆ ಉಸಿರು ಕೊಡುವ ಅಂಬು ಬ್ಯಾಗ್ ಇರಲಿ. ಆಕ್ಸಿಟೋಸಿನ್ ಆಂಪ್ಯೂಲನ್ನು ಏಪ್ರನ್ ಜೇಬಿನಲ್ಲಿ ಇಟ್ಟುಕೊಳ್ಳದೆ ಐಸ್ ಪ್ಯಾಕ್ ಇರುವ ಡಬ್ಬಿಯಲ್ಲಿ ಒಯ್ಯಿರಿ. ಅದನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಆಂಬ್ಯುಲೆನ್ಸಿನ ಇಎಂಟಿಗೂ (ತುರ್ತು ಚಿಕಿತ್ಸೆಯ ಸಿಬ್ಬಂದಿಗೂ) ನಾಲ್ಕು ಭಾಗದ ಓವರ್ ಕೊಡಿ, ಅವರೂ ತಿರುಗಿ ಹೇಳಲಿ. ತಾಯಿ ಕಾರ್ಡ್ ಸಂಬಂಧಿಕರ ಚೀಲದಲ್ಲಿ ಮನೆಗೆ ಹೋಗದಂತೆ ಕೇಸ್ ಶೀಟಿಗೆ ಪಿನ್ ಮಾಡಿ.

ಕಾಫಿ ತೋಟಗಳ ಹೆರಿಗೆಗಳಲ್ಲಿ ಈಗ ಅಸ್ಸಾಂ, ಬಂಗಾಳ, ಉತ್ತರ ಭಾರತದ ಕಾರ್ಮಿಕ ಕುಟುಂಬದವರೂ ಇದ್ದಾರೆ. ತಾಯಿ ಯಾವ ಭಾಷೆ ಮಾತಾಡುತ್ತಾಳೆ, ಜೊತೆಯಲ್ಲಿ ಭಾಷೆ ಬಲ್ಲವರು ಯಾರು, ಅವರ ಫೋನ್ ಇದೆಯೇ ಎಂದು ಚೀಟಿಯ ಮೇಲೆಯೇ ಬರೆಯಿರಿ. ಕಣ್ಣು ಮಂಜಾಗಿದೆ ಎಂದು ಅವಳು ಹೇಳಿದ್ದು ಯಾರಿಗೂ ಅರ್ಥವಾಗದೆ ಹೋಗಬಾರದು.

ತಲುಪಿದ ಮೇಲೆ, ತೆಗೆದುಕೊಂಡವರು ವಾಪಸ್ ಒಂದು ಕರೆ ಮಾಡಿ: ಬಂದು ಸೇರಿದರು, ಸ್ಥಿತಿ ಹೀಗಿದೆ, ನಿಮ್ಮ ಚೀಟಿಯಲ್ಲಿ ಇದು ಬಿಟ್ಟುಹೋಗಿತ್ತು. ತಾಲೂಕಿನವರು ಕಲಿಯುವುದು ಈ ಕರೆಯಿಂದಲೇ. ಬೈಯುವ ದನಿಯಲ್ಲಿ ಮಾಡಿದರೆ ಮುಂದಿನ ಸಲ ಅವರು ಫೋನನ್ನೇ ಎತ್ತುವುದಿಲ್ಲ.

ಒಪ್ಪಿಗೆಯಾಗದಿದ್ದಾಗ

ಕಿರಿಯ ಸಿಸ್ಟರಿಗೆ ತಾಯಿ ಹೊರಡುವ ಸ್ಥಿತಿಯಲ್ಲಿಲ್ಲ ಎನ್ನಿಸುತ್ತದೆ, ಹಿರಿಯರು "ಏನೂ ಆಗಲ್ಲ, ಕಳಿಸು" ಎನ್ನುತ್ತಾರೆ. ಮೊದಲ ಸಲ ಚಿಂತೆ ಹೇಳಿ: "ಮೇಡಂ, ನಂಗೆ ಯೋಚನೆ ಆಗ್ತಿದೆ." ಎರಡನೇ ಸಲ ಸಂಖ್ಯೆ ಹೇಳಿ: "ಮೇಡಂ, ನಾಡಿ 116, ಬಿಪಿ 104/60, ಕಾಲು ಗಂಟೆ ಹಿಂದೆ ನಾಡಿ 98 ಇತ್ತು." ಮೂರನೇ ಸಲ ನಿಲ್ಲಿಸಿ: "ನಾನು ಡ್ಯೂಟಿ ಡಾಕ್ಟರನ್ನ ಕರೀತೀನಿ, ಅವರು ನೋಡಿದ ಮೇಲೆ ಕಳಿಸೋಣ." ಹೀಗೆ ಮೂರನೇ ಮಾತಿಗೆ ಹೋದವರನ್ನು ಗದರುವುದಿಲ್ಲ ಎಂದು ವಿಭಾಗದ ಮುಖ್ಯಸ್ಥರು ಮತ್ತು ನರ್ಸಿಂಗ್ ಸೂಪರಿಂಟೆಂಡೆಂಟ್ ಎಲ್ಲರ ಮುಂದೆ ಹೇಳಿರಬೇಕು. ಆ ಒಂದು ಮಾತು ಬರದಿದ್ದರೆ ಈ ಹಂತ ಕಾಗದದಲ್ಲೇ ಉಳಿಯುತ್ತದೆ.

ಎಲ್ಲಿಂದ ಶುರು ಮಾಡುವುದು

ಎಲ್ಲವನ್ನೂ ಸೋಮವಾರದಿಂದಲೇ ಎಂದು ಆದೇಶ ಹೊರಡಿಸಿದರೆ ಎರಡು ವಾರ ನಡೆದು ನಿಲ್ಲುತ್ತದೆ. ಮೊದಲ ತಿಂಗಳು ಹಂತ 4 ಮಾತ್ರ, ಅದರಲ್ಲೂ ಇಬ್ಬರೂ ಕೈಯಿಟ್ಟು ಗರ್ಭಕೋಶ ನೋಡುವುದು ಮತ್ತು ಪ್ಯಾಡ್ ನೋಡುವುದು. ಎರಡನೇ ತಿಂಗಳು ಫೋನ್ ಸೇರಿಸಿ. ಲೇಬರ್ ರೂಮಿನ ಒಬ್ಬರು, ವಾರ್ಡಿನ ಒಬ್ಬರು ಒಂದೊಂದು ದಿನ ಇನ್ನೊಂದು ಕಡೆ ಡ್ಯೂಟಿ ಮಾಡಲಿ. ಎದುರು ಕಡೆಯ ಗಡಿಬಿಡಿ ಏನೆಂದು ಆಗ ತಿಳಿಯುತ್ತದೆ.

ವಾರಕ್ಕೊಮ್ಮೆ ಕೈಗೆ ಸಿಕ್ಕ 10 ಕೇಸ್ ಶೀಟ್ ತೆಗೆದು ಮೂರು ವಿಷಯ ನೋಡಿ: ಸಮಯ ಸಹಿತ ಎರಡು ಸಹಿ ಇದೆಯೇ, ವಾರ್ಡಿಗೆ ಬಂದ 15 ನಿಮಿಷದೊಳಗೆ ಗರ್ಭಕೋಶ ಮತ್ತು ಬ್ಲೀಡಿಂಗ್ ಬರೆದಿದೆಯೇ, ಬಾಕಿ ಎಂದು ಹೇಳಿದ್ದು ಗಡುವಿನೊಳಗೆ ಆಗಿದೆಯೇ. 10ರಲ್ಲಿ ಎಷ್ಟು ಎಂಬುದನ್ನಷ್ಟೇ ಬೋರ್ಡಿನಲ್ಲಿ ಬರೆಯಿರಿ, ಯಾರ ಹೆಸರೂ ಬೇಡ. ಲೇಬರ್ ರೂಮಿನ ಗುಣಮಟ್ಟಕ್ಕಾಗಿ ಕೇಂದ್ರ ಸರ್ಕಾರ 2017ರಲ್ಲಿ ತಂದ ಲಕ್ಷ್ಯ ಕಾರ್ಯಕ್ರಮದ ಮೌಲ್ಯಮಾಪನಕ್ಕೆ ತಯಾರಾಗುತ್ತಿರುವ ಆಸ್ಪತ್ರೆಗಳಿಗೆ ಇದೇ ದಾಖಲೆ ಉಪಯೋಗಕ್ಕೆ ಬರುತ್ತದೆ. ಓವರ್ ಚೀಟಿಯ ಮೂಲ ಪ್ರತಿ ಕೇಸ್ ಶೀಟಿನಲ್ಲೇ ಇರಲಿ, ಕಾರ್ಬನ್ ಪ್ರತಿ ಕಳಿಸಿದ ವಿಭಾಗದ ಫೈಲಿಗೆ. ಸಹಿ ಇಲ್ಲದೆ ವಾಪಸ್ ಬಂದ ಪ್ರತಿಗಳನ್ನು ಬೇರೆ ಇಡಿ, ತಿಂಗಳ ಸಭೆಯಲ್ಲಿ ಮೊದಲು ತೆಗೆಯಬೇಕಾದ್ದು ಅವನ್ನೇ.